ಮಾನವೀಯ ನೆರವು ಕ್ಷೇತ್ರಕ್ಕೆ ವೃತ್ತಿ ಬದಲಾವಣೆ

ಮಾನವೀಯ ನೆರವು ಕ್ಷೇತ್ರಕ್ಕೆ ವೃತ್ತಿ ಬದಲಾವಣೆ ಎಂದರೆ, ಬೇರೊಂದು ಉದ್ಯೋಗದಲ್ಲಿ ಕೆಲವು ವರ್ಷ ದುಡಿದವರು ವಿಶೇಷ ತರಬೇತಿ ಪಡೆದು, ಯುದ್ಧ, ಬರ, ಭೂಕಂಪ, ಪ್ರವಾಹ, ಸಾಂಕ್ರಾಮಿಕ ರೋಗ ಮೊದಲಾದ ಸಂಕಷ್ಟಗಳಿಗೆ ಸಿಲುಕಿದ ಜನರಿಗೆ ನೆರವಾಗುವ ಅಂತರರಾಷ್ಟ್ರೀಯ ಸಂಸ್ಥೆಗಳ ಕೆಲಸಕ್ಕೆ ಸೇರುವುದು. ದಾದಿಯರು, ವೈದ್ಯರು ಮತ್ತು ಎಂಜಿನಿಯರುಗಳಲ್ಲದೆ ಲೆಕ್ಕಿಗರು, ಗೋದಾಮಿನ ಮೇಲ್ವಿಚಾರಕರು, ವಾಹನ ದುರಸ್ತಿಗಾರರು, ಶಿಕ್ಷಕರು ಮುಂತಾದವರೂ ಈ ದಾರಿಯನ್ನು ಆರಿಸಿಕೊಳ್ಳುತ್ತಾರೆ. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳವರೆಗೂ ಇಂತಹ ಕೆಲಸಕ್ಕೆ ಕನಿಕರ ಮತ್ತು ಧೈರ್ಯವಿದ್ದರೆ ಸಾಕೆಂಬ ಭಾವನೆ ಬಲವಾಗಿತ್ತು. ಸಿದ್ಧತೆಯಿಲ್ಲದ ನೆರವು ಜೀವ ಉಳಿಸಲಾರದು, ಕೆಲವೊಮ್ಮೆ ಹಾನಿಯನ್ನೂ ಮಾಡಬಲ್ಲದು ಎಂಬುದು ಅನುಭವದಿಂದ ಸ್ಪಷ್ಟವಾದ ಬಳಿಕ ತರಬೇತಿಯು ಈ ಕ್ಷೇತ್ರದ ಅವಿಭಾಜ್ಯ ಅಂಗವಾಯಿತು.

ಇಂತಹ ತರಬೇತಿಯ ಉದ್ದೇಶ ಹಳೆಯ ಕಸುಬನ್ನು ಮರೆಸುವುದಲ್ಲ. ಅದೇ ಕಸುಬನ್ನು ಅಪರಿಚಿತ ನೆಲದಲ್ಲಿ, ಕೊರತೆಯ ನಡುವೆ, ಅನ್ಯಭಾಷೆಯ ಜನರ ಜೊತೆಗೂಡಿ ಮಾಡುವುದನ್ನು ಕಲಿಸುವುದು. ಫ್ರಾನ್ಸ್ ದೇಶದಲ್ಲಿ ಈ ಬಗೆಯ ವೃತ್ತಿ ಬದಲಾವಣೆಗೆ ಕಾನೂನಿನ ಆಸರೆಯೂ ಮೀಸಲಾದ ಸಂಸ್ಥೆಗಳೂ ಇರುವುದರಿಂದ ಅದನ್ನು ಮುಖ್ಯ ಉದಾಹರಣೆಯಾಗಿ ಇಲ್ಲಿ ವಿವರಿಸಲಾಗಿದೆ.

ಅರ್ಥ ಮತ್ತು ವ್ಯಾಪ್ತಿ

ಅಂತರರಾಷ್ಟ್ರೀಯ ಸಹಕಾರದಲ್ಲಿ ಸ್ಥೂಲವಾಗಿ ಎರಡು ಬಗೆಯ ಕೆಲಸಗಳಿವೆ. ಮೊದಲನೆಯದು ತುರ್ತು ನೆರವು. ಜೀವ ಉಳಿಸುವುದು, ನೋವನ್ನು ತಗ್ಗಿಸುವುದು ಮತ್ತು ಮನುಷ್ಯನ ಘನತೆಯನ್ನು ಕಾಪಾಡುವುದು ಇದರ ಗುರಿ. ಎರಡನೆಯದು ಅಭಿವೃದ್ಧಿ ಸಹಕಾರ. ಕೃಷಿ, ಶಿಕ್ಷಣ, ಆರೋಗ್ಯ, ಸ್ಥಳೀಯ ಆಡಳಿತ ಮುಂತಾದವುಗಳಲ್ಲಿ ದೀರ್ಘಕಾಲದ ಸುಧಾರಣೆ ತರುವುದು ಇದರ ಗುರಿ. ನಿರಾಶ್ರಿತರ ಶಿಬಿರವೊಂದು ಹತ್ತಾರು ವರ್ಷ ಉಳಿದಾಗ ತುರ್ತಿಗೂ ಅಭಿವೃದ್ಧಿಗೂ ನಡುವಣ ಗೆರೆ ಅಳಿಸಿಹೋಗುತ್ತದೆ. ಆದ್ದರಿಂದ ತರಬೇತಿ ಸಂಸ್ಥೆಗಳು ಸಾಮಾನ್ಯವಾಗಿ ಎರಡರ ಪರಿಚಯವನ್ನೂ ಮಾಡಿಕೊಡುತ್ತವೆ.

ಸ್ವಯಂಸೇವೆಗೂ ವೃತ್ತಿಗೂ ವ್ಯತ್ಯಾಸವಿದೆ. ತನ್ನ ಊರಿನಲ್ಲಿ ಪ್ರವಾಹ ಬಂದಾಗ ಅನ್ನ ಬೇಯಿಸಿ ಹಂಚುವವನು ಸ್ವಯಂಸೇವಕ. ಅವನ ಸೇವೆಗೆ ಬೆಲೆ ಕಟ್ಟಲಾಗದು. ವೃತ್ತಿಪರನಾದವನು ಒಪ್ಪಂದಕ್ಕೆ ಬದ್ಧನಾಗಿ, ನಿಗದಿತ ಮಾನದಂಡಗಳಿಗೆ ಅನುಗುಣವಾಗಿ ಕೆಲಸಮಾಡಿ, ನೆರವು ಪಡೆದ ಜನರಿಗೂ ಹಣ ನೀಡಿದ ದಾನಿಗಳಿಗೂ ಉತ್ತರ ಹೇಳಬೇಕಾಗುತ್ತದೆ. ವೃತ್ತಿ ಬದಲಾಯಿಸುವವರು ಮುಖ್ಯವಾಗಿ ಕಲಿಯಬೇಕಾದುದು ಈ ಉತ್ತರದಾಯಿತ್ವವನ್ನು.

ಇತಿಹಾಸ

ಆರಂಭದ ವ್ಯಕ್ತಿಗಳು

ಆಧುನಿಕ ಮಾನವೀಯ ನೆರವಿನ ಸ್ಥಾಪಕರಲ್ಲಿ ಹಲವರು ಬೇರೆ ವೃತ್ತಿಗಳಿಂದ ಬಂದವರು. ಜಿನೀವಾದ ಹೆನ್ರಿ ಡ್ಯೂನಾಂಟ್ ಒಬ್ಬ ವ್ಯಾಪಾರಿ. ಆಲ್ಜೀರಿಯಾದಲ್ಲಿನ ತನ್ನ ವ್ಯವಹಾರದ ಬಗ್ಗೆ ಮೂರನೆಯ ನೆಪೋಲಿಯನ್‌ನನ್ನು ಕಾಣಲೆಂದು ಉತ್ತರ ಇಟಲಿಗೆ ಹೊರಟಿದ್ದ ಅವನು 1859ರ ಜೂನ್ 24ರಂದು ನಡೆದ ಸಾಲ್ಫೆರಿನೊ ಕದನದ ಗಾಯಾಳುಗಳನ್ನು ಕಂಡನು. ಸಮೀಪದ ಕಾಸ್ಟಿಲಿಯೋನೆ ಪಟ್ಟಣದ ಹೆಂಗಸರನ್ನು ಜೊತೆಗೂಡಿಸಿಕೊಂಡು ಉಭಯ ಪಕ್ಷಗಳ ಸೈನಿಕರಿಗೂ ಶುಶ್ರೂಷೆ ಮಾಡಿದನು. 1862ರಲ್ಲಿ ಅವನು ಪ್ರಕಟಿಸಿದ ಪುಸ್ತಕದ ಫಲವಾಗಿ 1863ರಲ್ಲಿ ರೆಡ್ ಕ್ರಾಸ್ ಸಮಿತಿಯೂ 1864ರಲ್ಲಿ ಮೊದಲ ಜಿನೀವಾ ಒಪ್ಪಂದವೂ ರೂಪುಗೊಂಡವು. ಯುದ್ಧ ಬರುವ ಮೊದಲೇ, ಶಾಂತಿಕಾಲದಲ್ಲಿಯೇ, ಶುಶ್ರೂಷಕರನ್ನು ಸಿದ್ಧಪಡಿಸಿಡಬೇಕು ಎಂಬುದು ಆ ಪುಸ್ತಕದ ಮುಖ್ಯ ಸಲಹೆಗಳಲ್ಲಿ ಒಂದು. ತರಬೇತಿಯ ಕಲ್ಪನೆ ಈ ಕ್ಷೇತ್ರದ ಹುಟ್ಟಿನಲ್ಲಿಯೇ ಇತ್ತೆಂಬುದನ್ನು ಇದು ತೋರಿಸುತ್ತದೆ.

ಅಮೆರಿಕದ ಕ್ಲಾರಾ ಬಾರ್ಟನ್ ಹಲವು ವರ್ಷ ಶಾಲಾ ಶಿಕ್ಷಕಿಯಾಗಿದ್ದು, ಬಳಿಕ ವಾಷಿಂಗ್ಟನ್ನಿನ ಪೇಟೆಂಟ್ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವರು. ಅಂತರ್ಯುದ್ಧದ ಕಾಲದಲ್ಲಿ ಗಾಯಾಳುಗಳಿಗೆ ಸಾಮಗ್ರಿ ಒದಗಿಸುವ ಕೆಲಸಕ್ಕೆ ಇಳಿದ ಅವರು 1881ರಲ್ಲಿ ಅಮೆರಿಕನ್ ರೆಡ್ ಕ್ರಾಸ್ ಸಂಸ್ಥೆಯನ್ನು ಸ್ಥಾಪಿಸಿದಾಗ ಅವರಿಗೆ 59 ವರ್ಷ. ಇಂಗ್ಲೆಂಡಿನ ಎಗ್ಲಂಟೈನ್ ಜೆಬ್ ಕೂಡ ಸ್ವಲ್ಪಕಾಲ ಶಿಕ್ಷಕಿಯಾಗಿದ್ದವರು. ಮೊದಲ ಮಹಾಯುದ್ಧದ ನಂತರ ಮಧ್ಯ ಯುರೋಪಿನಲ್ಲಿ ಹಸಿವಿನಿಂದ ನರಳುತ್ತಿದ್ದ ಮಕ್ಕಳಿಗಾಗಿ 1919ರಲ್ಲಿ ತಂಗಿ ಡೊರೊತಿ ಬಕ್ಸ್‌ಟನ್ ಜೊತೆಗೂಡಿ ಅವರು ಸೇವ್ ದ ಚಿಲ್ಡ್ರನ್ ನಿಧಿಯನ್ನು ಆರಂಭಿಸಿದರು. ಅವರು ರಚಿಸಿದ ಮಕ್ಕಳ ಹಕ್ಕುಗಳ ಘೋಷಣೆಯನ್ನು 1924ರಲ್ಲಿ ರಾಷ್ಟ್ರಸಂಘವು ಅಂಗೀಕರಿಸಿತು.

ಕಸುಬಿನವರ ಸಂಘಟನೆ

1967ರಿಂದ 1970ರವರೆಗೆ ನೈಜೀರಿಯಾದಲ್ಲಿ ನಡೆದ ಬಯಾಫ್ರಾ ಯುದ್ಧ ಮತ್ತು ಕ್ಷಾಮದಲ್ಲಿ ಕೆಲಸಮಾಡಿದ ಫ್ರೆಂಚ್ ವೈದ್ಯರು ಹಾಗೂ ಕೆಲವು ಪತ್ರಕರ್ತರು ಸೇರಿ 1971ರ ಡಿಸೆಂಬರ್‌ನಲ್ಲಿ 'ಮೆಡ್‌ಸಾ ಸಾಂ ಫ್ರಾಂತಿಯೇರ್', ಅಂದರೆ ಗಡಿಗಳಿಲ್ಲದ ವೈದ್ಯರು, ಎಂಬ ಸಂಸ್ಥೆಯನ್ನು ಕಟ್ಟಿದರು. ವೈದ್ಯರಷ್ಟೇ ಇದ್ದರೆ ಆಸ್ಪತ್ರೆ ನಡೆಯದೆಂಬುದು ಇಂತಹ ಸಂಸ್ಥೆಗಳಿಗೆ ಬೇಗನೆ ಅರಿವಾಯಿತು. ಔಷಧಿ ತರಿಸುವವರು, ನೀರು ಒದಗಿಸುವವರು, ಜನರೇಟರ್ ನಡೆಸುವವರು, ಲೆಕ್ಕ ಬರೆಯುವವರು ಅಷ್ಟೇ ಅಗತ್ಯವಾಗಿದ್ದರು.

1979ರಲ್ಲಿ ವಿಯೆಟ್ನಾಂನಿಂದ ದೋಣಿಗಳಲ್ಲಿ ತಪ್ಪಿಸಿಕೊಂಡು ಮಲೇಷ್ಯಾ ತಲುಪಿದ ನಿರಾಶ್ರಿತರ ಶಿಬಿರಗಳಲ್ಲಿ ದುಡಿದ ಬ್ರಿಟಿಷ್ ಎಂಜಿನಿಯರ್ ಪೀಟರ್ ಗಥ್ರಿ, ಅಗತ್ಯ ಬಿದ್ದಾಗ ಕೂಡಲೇ ಹೊರಡಬಲ್ಲ ಎಂಜಿನಿಯರುಗಳ ಪಟ್ಟಿಯೊಂದು ಇರಬೇಕೆಂದು 1980ರಲ್ಲಿ 'ರೆಡ್‌ಆರ್' ಸಂಸ್ಥೆಯನ್ನು ಆರಂಭಿಸಿದರು. ಹೆಸರು ನೋಂದಾಯಿಸಿದ ಎಂಜಿನಿಯರು ತಮ್ಮ ಉದ್ಯೋಗದಲ್ಲಿ ಮುಂದುವರಿಯುತ್ತಲೇ ಕೆಲವು ತಿಂಗಳ ಮಟ್ಟಿಗೆ ಹೋಗಿ ಬರುವುದು ಇದರ ಕ್ರಮ. ಕಾಲಕ್ರಮೇಣ ಸಂಸ್ಥೆಯು ತರಬೇತಿಯನ್ನೇ ಮುಖ್ಯ ಕೆಲಸವನ್ನಾಗಿ ಮಾಡಿಕೊಂಡಿತು. 1983ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಬಯೋಫೋರ್ಸ್ ಸಂಸ್ಥೆ ಆರಂಭವಾಯಿತು.

ಗೋಮಾದ ಪಾಠ

ತರಬೇತಿಯ ಅಗತ್ಯವನ್ನು ಜಗತ್ತಿಗೆ ಮನಗಾಣಿಸಿದ ಘಟನೆ 1994ರ ಜುಲೈನಲ್ಲಿ ನಡೆಯಿತು. ರುವಾಂಡಾದ ನರಮೇಧದ ನಂತರ ಲಕ್ಷಾಂತರ ಜನರು ಕೆಲವೇ ದಿನಗಳಲ್ಲಿ ಗಡಿ ದಾಟಿ ಆಗಿನ ಜೈರ್, ಈಗಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಗೋಮಾ ಪಟ್ಟಣದ ಸುತ್ತ ನೆರೆದರು. ಅಲ್ಲಿನ ನೆಲ ಜ್ವಾಲಾಮುಖಿಯ ಕಲ್ಲಿನಿಂದ ಕೂಡಿದ್ದು, ಶೌಚಾಲಯದ ಗುಂಡಿಯನ್ನಾಗಲಿ ಶವ ಹೂಳುವ ಗುಂಡಿಯನ್ನಾಗಲಿ ತೋಡುವುದು ದುಸ್ತರವಾಗಿತ್ತು. ಕಾಲರಾ ಮತ್ತು ರಕ್ತಭೇದಿ ಹರಡಿ ಮೊದಲ ತಿಂಗಳಿನಲ್ಲಿಯೇ ಸುಮಾರು 50,000 ಜನರು ಸತ್ತರು.

ನೆರವಿಗೆಂದು ಬಹಳಷ್ಟು ಸಂಸ್ಥೆಗಳು ಧಾವಿಸಿದ್ದವು. ಕಾಲರಾ ಚಿಕಿತ್ಸೆಯಲ್ಲಿ ದೀರ್ಘಕಾಲದ ಅನುಭವವಿದ್ದ ಢಾಕಾದ ಅತಿಸಾರ ರೋಗ ಸಂಶೋಧನಾ ಕೇಂದ್ರದ ತಂಡವೂ ಗೋಮಾಕ್ಕೆ ಬಂದಿತು. ಚಿಕಿತ್ಸಾ ಕೇಂದ್ರಗಳಲ್ಲಿ ರೋಗಿಗಳ ದೇಹಕ್ಕೆ ದ್ರವವನ್ನು ತುಂಬುವ ವೇಗ ತೀರ ಕಡಿಮೆಯಾಗಿತ್ತು. ಬಾಯಿಯ ಮೂಲಕ ಕುಡಿಸುವ ಉಪ್ಪು-ಸಕ್ಕರೆಯ ದ್ರಾವಣವನ್ನು ಸಾಕಷ್ಟು ಬಳಸಿರಲಿಲ್ಲ. ತೀವ್ರ ಕಾಲರಾವನ್ನು ನಿಭಾಯಿಸಿದ ಅನುಭವ ಸಿಬ್ಬಂದಿಗೆ ಸಾಲದಾಗಿತ್ತು ಎಂದು ಆ ತಂಡವು 1995ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆಯಿತು. ಸಿರಿವಂತ ದೇಶಗಳಿಂದ ಬಂದವರಿಗೆ ತಿಳಿಯದ ಸಂಗತಿ ಬಾಂಗ್ಲಾದೇಶದ ಆರೋಗ್ಯ ಕಾರ್ಯಕರ್ತರಿಗೆ ದಿನನಿತ್ಯದ ಕೆಲಸವಾಗಿತ್ತು. ಅಲ್ಲಿ ಕನಿಕರಕ್ಕೆ ಕೊರತೆಯಿರಲಿಲ್ಲ; ಕೊರತೆಯಿದ್ದುದು ಕೈಚಳಕಕ್ಕೆ. ರುವಾಂಡಾದ ನೆರವು ಕಾರ್ಯಾಚರಣೆಯ ಬಗ್ಗೆ 1996ರಲ್ಲಿ ಪ್ರಕಟವಾದ ಬಹುರಾಷ್ಟ್ರೀಯ ಜಂಟಿ ಮೌಲ್ಯಮಾಪನವೂ ಕೆಲವು ಸಂಸ್ಥೆಗಳ ಅನನುಭವವನ್ನು ಟೀಕಿಸಿ, ಎಲ್ಲರೂ ಪಾಲಿಸಬೇಕಾದ ಮಾನದಂಡಗಳು ಬೇಕೆಂದು ಹೇಳಿತು.

ಮಾನದಂಡಗಳ ಯುಗ

1997ರಲ್ಲಿ ರೆಡ್ ಕ್ರಾಸ್ ಚಳವಳಿ ಮತ್ತು ಹಲವು ಸರ್ಕಾರೇತರ ಸಂಸ್ಥೆಗಳು ಸೇರಿ ಸ್ಫಿಯರ್ ಯೋಜನೆಯನ್ನು ಆರಂಭಿಸಿದವು. ಸಂಕಷ್ಟಕ್ಕೊಳಗಾದ ವ್ಯಕ್ತಿಗೆ ಯಾವ ಪ್ರಮಾಣದ ನೆರವು ದೊರೆಯಲೇಬೇಕೆಂಬುದನ್ನು ಇದರ ಕೈಪಿಡಿ ಸಾಧ್ಯವಾದೆಡೆ ಅಂಕಿಗಳಲ್ಲಿ ಹೇಳುತ್ತದೆ. 2018ರಲ್ಲಿ ಇದರ ನಾಲ್ಕನೆಯ ಆವೃತ್ತಿ ಬಂದಿತು. ಕೈಪಿಡಿಯ ಕೆಲವು ಸೂಚಕಗಳು ಹೀಗಿವೆ:

• ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು.
• ವಾಸಸ್ಥಳದಿಂದ ನೀರಿನ ಜಾಗ 500 ಮೀಟರಿಗಿಂತ ದೂರವಿರಬಾರದು. ಸರದಿಯಲ್ಲಿ 30 ನಿಮಿಷಕ್ಕಿಂತ ಹೆಚ್ಚು ಕಾಯುವಂತಿರಬಾರದು.
• ಒಂದು ನಲ್ಲಿಗೆ ಹೆಚ್ಚೆಂದರೆ 250 ಜನ.
• ಹಂಚಿಕೊಂಡು ಬಳಸುವ ಶೌಚಾಲಯವಾದರೆ ಒಂದಕ್ಕೆ 20 ಜನ.
• ಒಬ್ಬರಿಗೆ ಸೂರಿನಡಿಯಲ್ಲಿ ಕನಿಷ್ಠ 3.5 ಚದರ ಮೀಟರ್ ಜಾಗ.
• ಒಬ್ಬರಿಗೆ ದಿನಕ್ಕೆ 2,100 ಕಿಲೊಕ್ಯಾಲರಿ ಶಕ್ತಿ ನೀಡುವ ಆಹಾರ.

ಈ ಅಂಕಿಗಳು ಯಾಂತ್ರಿಕ ನಿಯಮಗಳಲ್ಲ. ಸ್ಥಳ ಮತ್ತು ಪರಿಸ್ಥಿತಿಗೆ ತಕ್ಕಂತೆ ಅನ್ವಯಿಸಬೇಕಾದವು. ಆದರೂ ಹೊಸಬರ ತರಬೇತಿಗೆ ಇವು ಗಟ್ಟಿಯಾದ ಆಧಾರ ಒದಗಿಸಿದವು. ಕೆಲಸ ಚೆನ್ನಾಗಿ ನಡೆಯಿತೇ ಇಲ್ಲವೇ ಎಂಬುದನ್ನು ಅಳೆಯಲು ಸಾಧ್ಯವಾಯಿತು. ಶಿಬಿರಗಳಲ್ಲಿನ ಶಿಕ್ಷಣಕ್ಕೆ ಇದೇ ಬಗೆಯ ಕನಿಷ್ಠ ಮಾನದಂಡಗಳು 2004ರಲ್ಲಿ ಬಂದವು. 2014ರಲ್ಲಿ ಪ್ರಕಟವಾದ ಮೂಲ ಮಾನವೀಯ ಮಾನದಂಡವು, ನೆರವು ಪಡೆಯುವ ಜನರ ದೂರುಗಳನ್ನು ಆಲಿಸುವುದನ್ನು ಸಂಸ್ಥೆಯ ಹೊಣೆಯೆಂದು ಸಾರಿತು.

ವೃತ್ತಿ ಬದಲಾಯಿಸುವವರು

ಮಾನವೀಯ ನೆರವಿನ ಕೆಲಸದಲ್ಲಿ ಬಹುಪಾಲು ಸಾಮಾನ್ಯ ಕಸುಬುಗಳೇ ಇರುತ್ತವೆ. ಹೊರಗಿನಿಂದ ಬರುವವರು ತಮ್ಮ ಹಿಂದಿನ ಕೆಲಸದಿಂದ ತರುವ ಸಾಮರ್ಥ್ಯಕ್ಕೆ ಅಲ್ಲಿ ಹೊಸ ರೂಪ ಸಿಗುತ್ತದೆ.

ಕಾರ್ಖಾನೆಯ ಅಥವಾ ಅಂಗಡಿಯ ಗೋದಾಮನ್ನು ನೋಡಿಕೊಂಡವನಿಗೆ ದಾಸ್ತಾನು ಪುಸ್ತಕ, ಬಂದ ಮಾಲು, ಹೋದ ಮಾಲು, ಅವಧಿ ಮೀರುವ ದಿನಾಂಕ ಇವೆಲ್ಲ ಗೊತ್ತು. ಲಸಿಕೆಗಳನ್ನು ಸಾಮಾನ್ಯವಾಗಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಇಟ್ಟು ಸಾಗಿಸಬೇಕು, ಈ ಶೀತಲ ಸರಪಳಿ ಒಂದೆಡೆ ಕಡಿದರೂ ಲಸಿಕೆ ನಿಷ್ಪ್ರಯೋಜಕವಾಗಬಹುದು ಎಂಬುದನ್ನು ಅವನು ಹೊಸದಾಗಿ ಕಲಿಯುತ್ತಾನೆ. ಕೊಳಾಯಿ ಕೆಲಸ ಅಥವಾ ಸಿವಿಲ್ ಎಂಜಿನಿಯರಿಂಗ್ ಬಲ್ಲವನು ಶಿಬಿರದ ನೀರು ಮತ್ತು ನೈರ್ಮಲ್ಯದ ಕೆಲಸಕ್ಕೆ ಒದಗುತ್ತಾನೆ. ಶೌಚಾಲಯ ಎಲ್ಲಿರಬೇಕೆಂಬುದು ನಕ್ಷೆಯ ಪ್ರಶ್ನೆ ಮಾತ್ರವಲ್ಲ, ರಾತ್ರಿಯಲ್ಲಿ ಹೆಂಗಸರು ಅಲ್ಲಿಗೆ ನಿರ್ಭಯವಾಗಿ ಹೋಗಬಲ್ಲರೇ ಎಂಬ ಪ್ರಶ್ನೆಯೂ ಹೌದು ಎಂಬುದು ಅವನಿಗೆ ಹೊಸ ಪಾಠ. ಬ್ಯಾಂಕಿನಲ್ಲಿ ದುಡಿದವರು ನಗದು ನೆರವಿನ ಯೋಜನೆಗಳಿಗೂ ಲೆಕ್ಕಿಗರು ದಾನಿಗಳ ನಿಬಂಧನೆಗಳಿಗೆ ತಕ್ಕ ಲೆಕ್ಕಪತ್ರಕ್ಕೂ ನೇಮಕವಾಗುತ್ತಾರೆ. ಶಿಕ್ಷಕರಿಗೆ ಶಿಬಿರದ ಶಾಲೆಗಳಲ್ಲಿ ಪಾಠ ಹೇಳುವ ಅವಕಾಶ ಕಡಿಮೆ. ಆ ಕೆಲಸವನ್ನು ನಿರಾಶ್ರಿತರಲ್ಲಿಯೇ ಇರುವ ಶಿಕ್ಷಕರು ತಮ್ಮ ಭಾಷೆಯಲ್ಲಿ ಮಾಡುತ್ತಾರೆ. ಹೊರಗಿನಿಂದ ಬಂದವರು ಅವರಿಗೆ ತರಬೇತಿ, ಪಠ್ಯಸಾಮಗ್ರಿ ಮತ್ತು ಶಾಲಾ ವ್ಯವಸ್ಥೆಯಲ್ಲಿ ನೆರವಾಗುತ್ತಾರೆ.

ಈ ಬದಲಾವಣೆಗೆ ಕಾರಣಗಳು ಹಲವು. ಹಳೆಯ ಕೆಲಸದಲ್ಲಿ ಅರ್ಥ ಕಾಣದಿರುವುದು, ಕಾರ್ಖಾನೆ ಮುಚ್ಚಿ ಉದ್ಯೋಗ ಹೋಗಿರುವುದು, ಮಕ್ಕಳು ದೊಡ್ಡವರಾಗಿ ಸಂಸಾರದ ಹೊಣೆ ಹಗುರಾಗಿರುವುದು, ಹಿಂದೊಮ್ಮೆ ಕಂಡ ವಿಪತ್ತು ಮನಸ್ಸಿನಲ್ಲಿ ಉಳಿದಿರುವುದು ಇತ್ಯಾದಿ. ತರಬೇತಿ ಸಂಸ್ಥೆಗಳ ಪ್ರವೇಶ ಸಂದರ್ಶನದಲ್ಲಿ ಕಾರಣವನ್ನು ವಿಚಾರಿಸುವ ಪದ್ಧತಿಯಿದೆ. ಮನೆಯ ದುಃಖದಿಂದ ಅಥವಾ ಸೋಲಿನಿಂದ ತಪ್ಪಿಸಿಕೊಳ್ಳಲು ಮಾತ್ರ ಹೊರಟವರು ಅನ್ಯರ ದುಃಖದ ನಡುವೆ ಬಹಳ ಕಾಲ ನಿಲ್ಲಲಾರರು ಎಂಬ ಎಚ್ಚರ ಇದರ ಹಿಂದಿದೆ.

ಫ್ರಾನ್ಸಿನ ವ್ಯವಸ್ಥೆ

ಕಾನೂನಿನ ಆಸರೆ

ಫ್ರಾನ್ಸಿನಲ್ಲಿ ವಯಸ್ಕರ ವೃತ್ತಿ ಶಿಕ್ಷಣಕ್ಕೆ 1971ರ ಜುಲೈ 16ರ ಕಾನೂನು ತಳಹದಿ ಹಾಕಿತು. ಅಂದಿನ ಪ್ರಧಾನಮಂತ್ರಿಯ ಸಲಹೆಗಾರರಾಗಿದ್ದ ಜಾಕ್ ಡೆಲೋರ್ ಇದರ ರೂವಾರಿ. ಉದ್ಯೋಗದಾತರು ತರಬೇತಿಗೆ ಹಣ ತೊಡಗಿಸಬೇಕೆಂದೂ ನೌಕರನು ತರಬೇತಿಗಾಗಿ ರಜೆ ಪಡೆಯಬಹುದೆಂದೂ ಈ ಕಾನೂನು ಹೇಳಿತು. 2002ರ ಕಾನೂನಿನ ಮೇರೆಗೆ, ತರಗತಿಯಲ್ಲಿ ಕೂರದೆ ಕೆಲಸದ ಅನುಭವದಿಂದಲೇ ಗಳಿಸಿದ ಜ್ಞಾನವನ್ನು ಪರೀಕ್ಷಕ ಮಂಡಳಿಯ ಮುಂದೆ ಸಿದ್ಧಪಡಿಸಿ ತೋರಿಸಿದವರಿಗೆ ಪದವಿ ಅಥವಾ ಪ್ರಮಾಣಪತ್ರ ದೊರೆಯುತ್ತದೆ. 2015ರಿಂದ ಪ್ರತಿಯೊಬ್ಬ ಉದ್ಯೋಗಿಗೂ ವೈಯಕ್ತಿಕ ತರಬೇತಿ ಖಾತೆ ಇದೆ. 2019ರಿಂದ ಈ ಖಾತೆಗೆ ಸಾಮಾನ್ಯವಾಗಿ ವರ್ಷಕ್ಕೆ 500 ಯೂರೊ ಜಮೆಯಾಗುತ್ತದೆ. ಒಟ್ಟು ಮಿತಿ 5,000 ಯೂರೊ. ವೃತ್ತಿಯನ್ನೇ ಬದಲಿಸಲು ದೀರ್ಘ ತರಬೇತಿ ಬೇಕಾದವರಿಗೆ ಸಂಬಳದ ಆಸರೆಯೊಡನೆ ರಜೆ ನೀಡುವ ವೃತ್ತಿ ಸ್ಥಿತ್ಯಂತರ ಯೋಜನೆಯೂ 2019ರಲ್ಲಿ ಜಾರಿಗೆ ಬಂದಿತು.

ಇವೆಲ್ಲವೂ ಯಾವುದೇ ವೃತ್ತಿಗೆ ಅನ್ವಯಿಸುವ ಸಾಮಾನ್ಯ ಸೌಲಭ್ಯಗಳು. ಮಾನವೀಯ ನೆರವು ಹಾಗೂ ಅಭಿವೃದ್ಧಿ ಸಹಕಾರಕ್ಕೆ ಮೀಸಲಾದುದು 2005ರ ಫೆಬ್ರುವರಿ 23ರ ಅಂತರರಾಷ್ಟ್ರೀಯ ಸೌಹಾರ್ದ ಸ್ವಯಂಸೇವಾ ಕಾನೂನು. ಇದರ ಅಡಿಯಲ್ಲಿ ಹೋಗುವವರು ನೌಕರರಲ್ಲ. ಅವರಿಗೆ ಸಂಬಳದ ಬದಲು ಜೀವನ ನಿರ್ವಹಣೆಯ ಭತ್ಯೆಯೂ ಸಾಮಾಜಿಕ ಭದ್ರತೆಯೂ ದೊರೆಯುತ್ತವೆ. ಹೊಸ ಕ್ಷೇತ್ರದಲ್ಲಿ ಮೊದಲ ಅನುಭವ ಪಡೆಯಲು ಹಲವರಿಗೆ ಇದು ಬಾಗಿಲಾಗಿದೆ.

ಬಯೋಫೋರ್ಸ್

ಬಯೋಫೋರ್ಸ್ ಸಂಸ್ಥೆಯ ಸ್ಥಾಪಕ ಲಸಿಕೆ ತಯಾರಕ ಕುಟುಂಬದ ವೈದ್ಯ ಚಾರ್ಲ್ಸ್ ಮೆರಿಯೂ. ಬ್ರೆಜಿಲ್‌ನಲ್ಲಿ 1974ರಲ್ಲಿ ಮಿದುಳು ಪೊರೆಯ ಉರಿಯೂತ ವ್ಯಾಪಕವಾಗಿ ಹರಡಿದಾಗ ಕೋಟ್ಯಂತರ ಜನರಿಗೆ ಲಸಿಕೆ ಒದಗಿಸಿದ ಅನುಭವ ಅವರಿಗಿತ್ತು. ಲಸಿಕೆಯನ್ನು ತಯಾರಿಸುವುದು ಒಂದು ಕೆಲಸ, ಅದನ್ನು ಜನರ ತೋಳಿನವರೆಗೆ ತಲುಪಿಸುವುದು ಮತ್ತೊಂದೇ ಕೆಲಸ. ಈ ಎರಡನೆಯ ಕೆಲಸಕ್ಕೆ ಬೇಕಾದವರನ್ನು ಸಿದ್ಧಗೊಳಿಸುವ ಶಾಲೆಯಾಗಿ ಬಯೋಫೋರ್ಸ್ ಬೆಳೆಯಿತು. ಅದರ ಮುಖ್ಯ ತರಬೇತಿ ಕೇಂದ್ರ ಲಿಯೋನ್ ಪಕ್ಕದ ವೆನಿಸ್ಯೂ ಪಟ್ಟಣದಲ್ಲಿದೆ. ಆಫ್ರಿಕದವರು ಯುರೋಪಿಗೆ ಬಾರದೆ ಕಲಿಯುವಂತೆ ಸೆನೆಗಲ್‌ನ ಡಕಾರ್‌ನಲ್ಲಿಯೂ ಕೇಂದ್ರವನ್ನು ತೆರೆಯಲಾಗಿದೆ.

ಸರಬರಾಜು ಮತ್ತು ಸಾಗಣೆ, ನೀರು ಮತ್ತು ನೈರ್ಮಲ್ಯ, ಹಣಕಾಸು ಮತ್ತು ಸಿಬ್ಬಂದಿ ನಿರ್ವಹಣೆ, ಯೋಜನಾ ನಿರ್ವಹಣೆ, ದುರ್ಬಲರ ರಕ್ಷಣೆ ಇವು ಇಲ್ಲಿನ ಮುಖ್ಯ ವಿಷಯಗಳು. ಪ್ರವೇಶಕ್ಕೆ ಪದವಿಯಷ್ಟೇ ಅಲ್ಲದೆ ಹಿಂದಿನ ಉದ್ಯೋಗದ ಅನುಭವವನ್ನೂ ಪರಿಗಣಿಸಲಾಗುತ್ತದೆ.

ಇತರ ತರಬೇತಿ ಮಾರ್ಗಗಳು

ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಪದವಿಯ ಮಾರ್ಗವಿದೆ. ಯುರೋಪಿನ ಹಲವು ವಿಶ್ವವಿದ್ಯಾಲಯಗಳು ಸೇರಿ ನಡೆಸುವ 'ನೋಹಾ' ಸ್ನಾತಕೋತ್ತರ ಶಿಕ್ಷಣ 1990ರ ದಶಕದಲ್ಲಿ ಆರಂಭವಾಯಿತು. ಇದು ಕಾನೂನು, ರಾಜಕೀಯ, ಮಾನವಶಾಸ್ತ್ರ, ಆರೋಗ್ಯ ಮತ್ತು ನಿರ್ವಹಣೆಗಳನ್ನು ಒಟ್ಟುಗೂಡಿಸುತ್ತದೆ. ಜಿನೀವಾದಲ್ಲಿಯೂ ಮಾನವೀಯ ಅಧ್ಯಯನಕ್ಕೆ ಮೀಸಲಾದ ಕೇಂದ್ರವಿದ್ದು, ಕೆಲಸದಲ್ಲಿರುವವರಿಗೆ ಅಲ್ಪಾವಧಿಯ ಶಿಕ್ಷಣವನ್ನು ಕೊಡುತ್ತದೆ. ನ್ಯೂಯಾರ್ಕಿನ ಫೋರ್ಡಂ ವಿಶ್ವವಿದ್ಯಾಲಯದ ಸಂಸ್ಥೆಯು ಸುಮಾರು ಒಂದು ತಿಂಗಳ ತೀವ್ರ ತರಬೇತಿಯ ಡಿಪ್ಲೊಮಾ ನೀಡುತ್ತದೆ.

ಹಣ ಮತ್ತು ಸಮಯ ಇಲ್ಲದವರಿಗೆ 'ಕಾಯಾ', 'ಡಿಸಾಸ್ಟರ್‌ರೆಡಿ' ಮುಂತಾದ ಅಂತರಜಾಲ ವೇದಿಕೆಗಳಲ್ಲಿ ಉಚಿತ ಪಾಠಗಳಿವೆ. ವಿಶ್ವಸಂಸ್ಥೆಯ ಸಿಬ್ಬಂದಿಗೆ ಕಡ್ಡಾಯವಾಗಿರುವ 'ಬಿಸೇಫ್' ಎಂಬ ಸುರಕ್ಷತಾ ಪಾಠವನ್ನೂ ಅಂತರಜಾಲದಲ್ಲಿಯೇ ಕಲಿಯಬಹುದು. ಇವು ಕ್ಷೇತ್ರದ ಪರಿಚಯಕ್ಕೆ ಉಪಯುಕ್ತವಾದರೂ ಕೈಯಾರೆ ಮಾಡಿ ಕಲಿಯುವ ತರಬೇತಿಗೆ ಬದಲಿಯಲ್ಲ. 1970ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಸ್ಥಾಪಿಸಿದ ಸ್ವಯಂಸೇವಕರ ಕಾರ್ಯಕ್ರಮವು ವೃತ್ತಿ ಅನುಭವವುಳ್ಳವರಿಗೆ ಕ್ಷೇತ್ರಕಾರ್ಯದ ಅವಕಾಶ ಒದಗಿಸುತ್ತದೆ.

ಪಠ್ಯವಿಷಯಗಳು

ತರಬೇತಿಯ ಸ್ವರೂಪ ಸಂಸ್ಥೆಯಿಂದ ಸಂಸ್ಥೆಗೆ ಭಿನ್ನವಾದರೂ ಕೆಲವು ವಿಷಯಗಳು ಬಹುತೇಕ ಎಲ್ಲೆಡೆ ಇರುತ್ತವೆ.

ತತ್ತ್ವಗಳು: ಮಾನವೀಯತೆ, ನಿಷ್ಪಕ್ಷಪಾತ, ತಾಟಸ್ಥ್ಯ ಮತ್ತು ಸ್ವಾತಂತ್ರ್ಯ ಎಂಬ ನಾಲ್ಕು ತತ್ತ್ವಗಳು ಈ ಕ್ಷೇತ್ರದ ಅಡಿಗಲ್ಲುಗಳು. ಇವುಗಳಲ್ಲಿ ಮೊದಲ ಮೂರನ್ನು ವಿಶ್ವಸಂಸ್ಥೆಯ ಮಹಾಸಭೆ 1991ರ ಡಿಸೆಂಬರ್‌ನ 46/182ನೆಯ ನಿರ್ಣಯದಲ್ಲಿ ಅಂಗೀಕರಿಸಿತು. ನಾಲ್ಕನೆಯದು ನಂತರದ ನಿರ್ಣಯವೊಂದರಲ್ಲಿ ಸೇರಿತು. ನೆರವು ಅಗತ್ಯವನ್ನು ನೋಡಿ ಸಲ್ಲಬೇಕೇ ಹೊರತು ಜಾತಿ, ಮತ, ಪಕ್ಷವನ್ನು ನೋಡಿ ಅಲ್ಲ ಎಂಬುದು ನಿಷ್ಪಕ್ಷಪಾತದ ಅರ್ಥ. ಕಾದಾಟದಲ್ಲಿ ಯಾರ ಪಕ್ಷವನ್ನೂ ವಹಿಸದಿರುವುದು ತಾಟಸ್ಥ್ಯ. ಕಣ್ಣೆದುರು ಅನ್ಯಾಯ ನಡೆಯುವಾಗ ಮೌನವಾಗಿರಬೇಕೆ ಎಂಬ ಪ್ರಶ್ನೆಗೆ ಎಲ್ಲ ಸಂಸ್ಥೆಗಳೂ ಒಂದೇ ಉತ್ತರ ನೀಡುವುದಿಲ್ಲ. ತರಗತಿಗಳಲ್ಲಿ ಅತಿ ಹೆಚ್ಚು ಚರ್ಚೆಗೊಳಗಾಗುವ ವಿಷಯಗಳಲ್ಲಿ ಇದೂ ಒಂದು.

ಅಗತ್ಯಗಳ ಅಂದಾಜು: ಏನನ್ನು ಕೊಡಬೇಕೆಂದು ನಿರ್ಧರಿಸುವ ಮೊದಲು ಜನರನ್ನು ಕೇಳುವುದು, ಎಣಿಸುವುದು, ನೋಡುವುದು. ದಿನಕ್ಕೆ 10,000 ಜನರಲ್ಲಿ ಒಬ್ಬರಿಗಿಂತ ಹೆಚ್ಚು ಸಾಯುತ್ತಿದ್ದರೆ ಅದನ್ನು ತುರ್ತುಸ್ಥಿತಿಯ ಲಕ್ಷಣವೆಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ.

ಯೋಜನೆ ಮತ್ತು ಲೆಕ್ಕ: ಉದ್ದೇಶ, ಕೆಲಸ, ಖರ್ಚು, ಫಲಿತಾಂಶ ಇವುಗಳನ್ನು ಒಂದಕ್ಕೊಂದು ಹೊಂದಿಸಿ ಬರೆಯುವುದು, ದಾನಿಗಳಿಗೆ ವರದಿ ಒಪ್ಪಿಸುವುದು.

ನಡತೆ: ಗಿನಿ, ಲೈಬೀರಿಯಾ ಮತ್ತು ಸಿಯೆರಾ ಲಿಯೋನ್ ದೇಶಗಳ ಶಿಬಿರಗಳಲ್ಲಿ ನೆರವಿನ ಕಾರ್ಯಕರ್ತರಿಂದಲೇ ಲೈಂಗಿಕ ಶೋಷಣೆ ನಡೆದಿದೆಯೆಂಬ ಆರೋಪಗಳನ್ನು 2002ರ ವರದಿಯೊಂದು ಬೆಳಕಿಗೆ ತಂದಿತು. 2003ರಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಈ ಬಗ್ಗೆ ಕಟ್ಟುನಿಟ್ಟಿನ ನಿಯಮಗಳನ್ನು ಹೊರಡಿಸಿದರು. ಅನ್ನ, ಔಷಧಿ ಹಂಚುವವನ ಕೈಯಲ್ಲಿ ಎಷ್ಟು ಅಧಿಕಾರವಿರುತ್ತದೆ ಎಂಬುದನ್ನು ಹೊಸಬರಿಗೆ ಮೊದಲೇ ತಿಳಿಸಲಾಗುತ್ತದೆ.

ಸುರಕ್ಷತೆ: 2003ರ ಆಗಸ್ಟ್ 19ರಂದು ಬಾಗ್ದಾದಿನ ವಿಶ್ವಸಂಸ್ಥೆಯ ಕಚೇರಿಯ ಮೇಲೆ ನಡೆದ ಬಾಂಬ್ ದಾಳಿಯಲ್ಲಿ ಸೆರ್ಜಿಯೊ ವಿಯೇರಾ ಡಿ ಮೆಲ್ಲೊ ಸೇರಿದಂತೆ 22 ಜನರು ಸತ್ತರು. ಆ ದಿನವನ್ನು ಈಗ ವಿಶ್ವ ಮಾನವೀಯ ದಿನವೆಂದು ಆಚರಿಸಲಾಗುತ್ತದೆ. ತಪಾಸಣಾ ಠಾಣೆ ದಾಟುವ ರೀತಿ, ರೇಡಿಯೊ ಬಳಕೆ, ಪ್ರಥಮ ಚಿಕಿತ್ಸೆ, ಅಪಹರಣವಾದಾಗಿನ ವರ್ತನೆ ಇವುಗಳನ್ನು ಅಣಕು ಕಾರ್ಯಾಚರಣೆಗಳ ಮೂಲಕ ಕಲಿಸುತ್ತಾರೆ. ನಿದ್ದೆಗೆಟ್ಟು, ಮಾಹಿತಿ ಸಾಲದೆ, ಸಮಯವಿಲ್ಲದೆ ನಿರ್ಧಾರ ಕೈಗೊಳ್ಳಬೇಕಾದಾಗ ತಾನು ಹೇಗೆ ವರ್ತಿಸುವೆನೆಂಬುದು ಕಲಿಯುವವನಿಗೇ ಆಗ ಗೊತ್ತಾಗುತ್ತದೆ. ಈ ಹಂತದಲ್ಲಿ ಇದು ತನಗೆ ತಕ್ಕ ಕೆಲಸವಲ್ಲವೆಂದು ಹಿಂದೆ ಸರಿಯುವವರೂ ಇರುತ್ತಾರೆ. ಅದನ್ನು ತರಬೇತಿಯ ವೈಫಲ್ಯವೆಂದು ಭಾವಿಸುವಂತಿಲ್ಲ.

ತೊಡಕುಗಳು ಮತ್ತು ಟೀಕೆಗಳು

ಮೊದಲ ಅನುಭವದ ಸಮಸ್ಯೆ: ಬಹುತೇಕ ಸಂಸ್ಥೆಗಳು ಕ್ಷೇತ್ರಾನುಭವ ಇರುವವರನ್ನೇ ಬಯಸುತ್ತವೆ, ಅವಕಾಶ ಸಿಗದೆ ಅನುಭವ ಬಾರದು. ಪ್ರಮಾಣಪತ್ರ ಕೈಯಲ್ಲಿದ್ದರೂ ಈ ಹೊಸ್ತಿಲಿನಲ್ಲಿ ಹಲವರು ನಿಂತುಬಿಡುತ್ತಾರೆ. ಪರ್ಷಿಯನ್, ಅರಬ್ಬಿ, ಫ್ರೆಂಚ್, ಸ್ಪ್ಯಾನಿಷ್ ಮೊದಲಾದ ಭಾಷೆಗಳ ಜ್ಞಾನ, ಅಥವಾ ವಿರಳವಾದ ತಾಂತ್ರಿಕ ಕೌಶಲ ಇದ್ದವರಿಗೆ ದಾಟುವುದು ಸುಲಭ.

ಅಭದ್ರತೆ: ಒಪ್ಪಂದಗಳು ಹೆಚ್ಚಾಗಿ ಕೆಲವು ತಿಂಗಳಿನಿಂದ ಒಂದು ವರ್ಷದ ಅವಧಿಯವು. ಮನೆಯ ಸಾಲ, ಮಕ್ಕಳ ಓದು, ವಯಸ್ಸಾದ ತಂದೆತಾಯಿಗಳ ಆರೈಕೆ ಇರುವವರಿಗೆ ಇದು ನಿಜವಾದ ಹೊರೆ. ನೆರವಿನ ಹಣ ಸರ್ಕಾರಗಳ ನಿರ್ಧಾರವನ್ನು ಅವಲಂಬಿಸಿರುತ್ತದೆ. 2025ರ ಜನವರಿಯಲ್ಲಿ ಅಮೆರಿಕ ಸರ್ಕಾರವು ವಿದೇಶಿ ನೆರವನ್ನು ತಡೆಹಿಡಿದು, ಜುಲೈ 1ರಂದು ತನ್ನ ನೆರವು ಸಂಸ್ಥೆಯಾದ ಯುಎಸ್‌ಎಐಡಿಯ ಕೆಲಸವನ್ನು ವಿದೇಶಾಂಗ ಇಲಾಖೆಗೆ ವಹಿಸಿದಾಗ ಜಗತ್ತಿನಾದ್ಯಂತ ಸಾವಿರಾರು ಕಾರ್ಯಕರ್ತರು ಉದ್ಯೋಗ ಕಳೆದುಕೊಂಡರು. ಹೊಸದಾಗಿ ತರಬೇತಿ ಪಡೆದವರು ದೀರ್ಘ ಅನುಭವವುಳ್ಳವರೊಡನೆ ಪೈಪೋಟಿ ನಡೆಸಬೇಕಾಯಿತು.

ಅಪಾಯ: ವಿಶ್ವಸಂಸ್ಥೆಯ ಲೆಕ್ಕದಂತೆ 2024ರಲ್ಲಿ 383 ನೆರವು ಕಾರ್ಯಕರ್ತರು ಕೊಲ್ಲಲ್ಪಟ್ಟರು. ಇವರಲ್ಲಿ ಬಹುಪಾಲು ಜನರು ಆಯಾ ದೇಶದವರೇ.

ಹೊರಗಿನವರು ಬೇಕೇ ಎಂಬ ಪ್ರಶ್ನೆ: ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿಯೂ ದುಡಿಯುವವರಲ್ಲಿ ಹೆಚ್ಚಿನವರು ಸ್ಥಳೀಯರು. ನಾಡು, ನುಡಿ ಬಲ್ಲ ಅವರಿಗಿಂತ ಹೊರಗಿನಿಂದ ಬಂದವರಿಗೆ ಸಂಬಳ ಹೆಚ್ಚು, ಅಧಿಕಾರವೂ ಹೆಚ್ಚು ಎಂಬ ಟೀಕೆ ಹಳೆಯದು. 2016ರ ಮೇ ತಿಂಗಳಿನಲ್ಲಿ ಇಸ್ತಾನ್‌ಬುಲ್‌ನಲ್ಲಿ ನಡೆದ ವಿಶ್ವ ಮಾನವೀಯ ಶೃಂಗಸಭೆಯಲ್ಲಿ, ನೆರವಿನ ಹಣದ ಶೇಕಡ 25ರಷ್ಟನ್ನು 2020ರೊಳಗೆ ಸಾಧ್ಯವಾದಷ್ಟು ನೇರವಾಗಿ ಸ್ಥಳೀಯ ಮತ್ತು ರಾಷ್ಟ್ರೀಯ ಸಂಸ್ಥೆಗಳಿಗೆ ತಲುಪಿಸುವುದಾಗಿ ದಾನಿಗಳೂ ಸಂಸ್ಥೆಗಳೂ ಒಪ್ಪಿದವು. ಆ ಗುರಿ ಈಡೇರಲಿಲ್ಲವಾದರೂ ದಿಕ್ಕು ಬದಲಾಗಿದೆ. ಸ್ಥಳದಲ್ಲಿ ದೊರೆಯುವ ಕೌಶಲಕ್ಕಾಗಿ ಹೊರಗಿನವರನ್ನು ಕರೆಸುವುದು ಕಡಿಮೆಯಾಗುತ್ತಿದೆ. ಆದ್ದರಿಂದ ಇಂದಿನ ತರಬೇತಿಯಲ್ಲಿ ತಾನೇ ಮಾಡುವುದಕ್ಕಿಂತ ಮಾಡಬಲ್ಲವರಿಗೆ ಒತ್ತಾಸೆಯಾಗುವುದಕ್ಕೆ, ಕಲಿಸುವುದಕ್ಕೆ ಮತ್ತು ಸಕಾಲದಲ್ಲಿ ಜವಾಬ್ದಾರಿ ಒಪ್ಪಿಸಿ ಹೊರಡುವುದಕ್ಕೆ ಹೆಚ್ಚಿನ ಮಹತ್ವವಿದೆ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ರೆಡ್ ಕ್ರಾಸ್ ಸಂಸ್ಥೆಯು 1920ರ ಶಾಸನದಿಂದ ಸ್ಥಾಪಿತವಾಯಿತು. 2005ರ ವಿಪತ್ತು ನಿರ್ವಹಣಾ ಕಾಯಿದೆಯು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೂ ತರಬೇತಿಯ ಹೊಣೆಹೊತ್ತ ರಾಷ್ಟ್ರೀಯ ಸಂಸ್ಥೆಗೂ ಕಾನೂನಿನ ಬಲ ನೀಡಿತು. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ವಿಪತ್ತು ಅಧ್ಯಯನದ ಸ್ನಾತಕೋತ್ತರ ಶಿಕ್ಷಣವಿದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ಉದ್ಯೋಗದಲ್ಲಿರುವವರೂ ಓದಬಹುದಾದ ವಿಪತ್ತು ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾವನ್ನು ರೂಪಿಸಿದೆ. ಪುಣೆಯಲ್ಲಿ ನೆಲೆಸಿರುವ ರೆಡ್‌ಆರ್ ಇಂಡಿಯಾ ಅಲ್ಪಾವಧಿಯ ತರಬೇತಿಗಳನ್ನು ನಡೆಸುತ್ತದೆ. ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯಲ್ಲಿ ಸರ್ಕಾರಿ ನೌಕರರಿಗೆ ವಿಪತ್ತು ನಿರ್ವಹಣೆಯ ತರಬೇತಿ ದೊರೆಯುತ್ತದೆ.

ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್, ವಿಪತ್ತಿಗೆ ಸಿಲುಕಿದವರ ಮನೋಸಾಮಾಜಿಕ ಆರೈಕೆಯಲ್ಲಿ ದೊಡ್ಡ ಕೊಡುಗೆ ನೀಡಿದೆ. 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ ಮೊದಲಾದ ಸಂದರ್ಭಗಳಲ್ಲಿ ಅದರ ತಜ್ಞರು ಕೆಲಸಮಾಡಿದರು. ನೊಂದವರ ಸಂಖ್ಯೆಗೆ ಹೋಲಿಸಿದರೆ ಮನೋವೈದ್ಯರು ಬೆರಳೆಣಿಕೆಯಷ್ಟು. ಆದಕಾರಣ ಆಯಾ ಊರುಗಳ ಸಮುದಾಯ ಕಾರ್ಯಕರ್ತರಿಗೆ ಸರಳವಾದ ತರಬೇತಿ ನೀಡಿ, ಮನೆಮನೆಗೆ ಹೋಗಿ ಆಲಿಸುವ, ಸಂತೈಸುವ, ತೀವ್ರ ತೊಂದರೆಯಿದ್ದವರನ್ನು ಗುರುತಿಸಿ ವೈದ್ಯರ ಬಳಿಗೆ ಕಳುಹಿಸುವ ಕೆಲಸಕ್ಕೆ ಅವರನ್ನು ಸಿದ್ಧಗೊಳಿಸಲಾಯಿತು. ದೂರದಿಂದ ಬಂದ ಪರಿಣತನು ಹಿಂತಿರುಗಿದ ಮೇಲೂ ಆರೈಕೆ ಊರಿನಲ್ಲಿಯೇ ಉಳಿಯುವ ಕ್ರಮವಿದು.

ಹಿಂತಿರುಗಿದ ಮೇಲೆ

ಅಂತರರಾಷ್ಟ್ರೀಯ ನೆರವಿನ ಕೆಲಸವನ್ನು ನಿವೃತ್ತಿಯವರೆಗೂ ಮಾಡುವವರು ಕಡಿಮೆ. ಕೆಲವು ವರ್ಷಗಳ ನಂತರ ಆರೋಗ್ಯ, ಕುಟುಂಬ ಅಥವಾ ದಣಿವಿನ ಕಾರಣದಿಂದ ಹಲವರು ಸ್ವದೇಶಕ್ಕೆ ಮರಳುತ್ತಾರೆ. ಆಗ ಅವರು ಎರಡನೆಯ ಬಾರಿ ವೃತ್ತಿ ಬದಲಾಯಿಸಬೇಕಾಗುತ್ತದೆ. ಕಂಡ ಸಾವುನೋವುಗಳ ನೆನಪಿನಿಂದ ಬಳಲುವವರಿಗೆ ಆಪ್ತಸಲಹೆ ಒದಗಿಸುವುದು ಕಳುಹಿಸಿದ ಸಂಸ್ಥೆಯ ಕರ್ತವ್ಯವೆಂದು ಈಗ ವ್ಯಾಪಕವಾಗಿ ಒಪ್ಪಲಾಗಿದೆ. ಅನುಭವಕ್ಕೆ ಪದವಿಯ ಮಾನ್ಯತೆ ನೀಡುವ ಫ್ರಾನ್ಸಿನಂತಹ ದೇಶಗಳಲ್ಲಿ, ಶಿಬಿರದಲ್ಲಿ ನಡೆಸಿದ ಗೋದಾಮು, ತೋಡಿಸಿದ ಬಾವಿ, ಬರೆದ ಲೆಕ್ಕಪತ್ರ ಎಲ್ಲವನ್ನೂ ಪ್ರಮಾಣಪತ್ರವಾಗಿ ಪರಿವರ್ತಿಸಿಕೊಳ್ಳಲು ದಾರಿಯಿದೆ. ಹೀಗೆ ಮರಳಿದ ದಾದಿ ತನ್ನೂರಿನ ಆಸ್ಪತ್ರೆಗೆ, ಎಂಜಿನಿಯರು ತನ್ನ ನಗರದ ನೀರು ಸರಬರಾಜಿಗೆ ಮತ್ತೆ ಸೇರುವುದುಂಟು. ಅಲ್ಲಿ ಪ್ರವಾಹವೋ ಸಾಂಕ್ರಾಮಿಕವೋ ಬಂದೆರಗಿದಾಗ, ಏನನ್ನು ಮೊದಲು ಮಾಡಬೇಕೆಂದು ಬಲ್ಲ ಒಬ್ಬರು ಆ ಊರಿನಲ್ಲಿ ಇರುತ್ತಾರೆ.